ಅತಿತೂಕ ಮತ್ತು ಬೊಜ್ಜು: ಉತ್ತರ ಕನ್ನಡದ ಕರಾವಳಿಯಲ್ಲಿ

ಆಹಾರದಿಂದ ಬರುವ ಶಕ್ತಿ ದೇಹದ ಖರ್ಚನ್ನು ವರ್ಷಗಟ್ಟಲೆ ಮೀರಿ, ಮಿಕ್ಕಿದ್ದು ಕೊಬ್ಬಾಗಿ ಕೂಡುವ ಸ್ಥಿತಿಗೆ ಅತಿತೂಕ ಎನ್ನುತ್ತಾರೆ. ಅದು ಆರೋಗ್ಯಕ್ಕೆ ಕುತ್ತಾಗುವ ಮಟ್ಟಕ್ಕೆ ಬೆಳೆದರೆ ಬೊಜ್ಜು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಎರಡು ತಲೆಮಾರಿನೊಳಗೆ ಮೈಮುರಿಯುವ ದುಡಿಮೆ ಕಡಿಮೆಯಾಗಿದೆ. ಅನ್ನದ ಪ್ರಮಾಣ ಅಷ್ಟಾಗಿ ಇಳಿದಿಲ್ಲ. ಎಣ್ಣೆ, ಸಕ್ಕರೆ, ಮೈದಾ ಹೊಸದಾಗಿ ಸೇರಿವೆ. ಈ ಭಾಗದ ಅತಿತೂಕಕ್ಕೆ ಮೂಲ ಇಲ್ಲಿದೆ.

ಅಳತೆ

ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಬಿಎಂಐ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ಮುಟ್ಟಿದರೆ ಅತಿತೂಕ, 30 ಮುಟ್ಟಿದರೆ ಬೊಜ್ಜು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ, 2009ರಲ್ಲಿ ಪ್ರಕಟವಾದ ಭಾರತೀಯ ತಜ್ಞರ ಒಮ್ಮತದ ಮಾರ್ಗಸೂಚಿ ಈ ಗಡಿಗಳನ್ನು 23 ಮತ್ತು 25ಕ್ಕೆ ಇಳಿಸಿತು. 165 ಸೆಂ.ಮೀ. ಎತ್ತರ, 70 ಕಿಲೋ ತೂಕದವರ ಬಿಎಂಐ 25.7: ಮೊದಲ ಅಳತೆಯಲ್ಲಿ ಅತಿತೂಕ, ಎರಡನೆಯದರಲ್ಲಿ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದರೆ ಎಚ್ಚರ ಬೇಕು.

ವ್ಯಾಪ್ತಿ

2022ರಲ್ಲಿ ಜಗತ್ತಿನ 250 ಕೋಟಿ ವಯಸ್ಕರಿಗೆ ಅತಿತೂಕವಿತ್ತು. ಅವರಲ್ಲಿ 89 ಕೋಟಿ ಮಂದಿಗೆ ಬೊಜ್ಜು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಬಿಎಂಐ 25 ಮುಟ್ಟಿದ ಅಥವಾ ಮೀರಿದ ಮಹಿಳೆಯರು 2015–16ರಲ್ಲಿ ಶೇ. 23.3 ಇದ್ದವರು 2019–21ರಲ್ಲಿ ಶೇ. 30.1ಕ್ಕೆ ಏರಿದರು, ಪುರುಷರು ಶೇ. 22.1ರಿಂದ ಶೇ. 30.9ಕ್ಕೆ. 2019–21ರ ಸಮೀಕ್ಷೆಯಲ್ಲಿ ದೇಶದ ಪ್ರಮಾಣ ಕ್ರಮವಾಗಿ ಶೇ. 24 ಮತ್ತು ಶೇ. 22.9. ಈ ಸಮೀಕ್ಷೆ ತಾಲ್ಲೂಕುವಾರು ಅಂಕಿಗಳನ್ನು ಕೊಡುವುದಿಲ್ಲ.

ದುಡಿಮೆಯಲ್ಲಿ ಬದಲಾವಣೆ

ಕರಾವಳಿಯ ಮೀನುಗಾರಿಕೆ ಒಂದು ಕಾಲಕ್ಕೆ ರಂಪಣಿಯನ್ನು ನೆಚ್ಚಿತ್ತು. ದಡದಿಂದ ಸಮುದ್ರಕ್ಕೆ ಸುತ್ತುವರಿಸಿ ಬಿಟ್ಟ ಈ ಉದ್ದನೆಯ ಬಲೆಯನ್ನು ಹತ್ತಾರು ಮಂದಿ ಎರಡೂ ತುದಿಗಳಲ್ಲಿ ನಿಂತು ಎಳೆಯಬೇಕಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ಆ ಕೆಲಸದ ಬಹುಪಾಲನ್ನು ಯಂತ್ರಕ್ಕೆ ವಹಿಸಿದವು. ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದ ಮೀನು ಮಾರುವ ಹೆಂಗಸರಲ್ಲಿ ಅನೇಕರು ಈಗ ರಿಕ್ಷಾ, ಟೆಂಪೋ ಹತ್ತುತ್ತಾರೆ.

ಗದ್ದೆಯ ಕತೆಯೂ ಹೀಗೆಯೇ. ನೇಗಿಲಿನ ಜಾಗಕ್ಕೆ ಟಿಲ್ಲರ್ ಬಂತು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಹಲವು ಗಜನಿಗಳು ಸಿಗಡಿ ಕೆರೆಗಳಾದವು, ಕೆಲವು ಪಾಳುಬಿದ್ದವು. ಮನೆಯೊಳಗೆ ಒನಕೆ, ಒರಳು, ಬಾವಿಯ ಹಗ್ಗದ ಕೆಲಸವನ್ನು ಗಿರಣಿ, ಮಿಕ್ಸಿ, ಪಂಪ್‌ಸೆಟ್ ಹಂಚಿಕೊಂಡವು. ಮನೆಬಾಗಿಲಿಗೆ ಬೈಕ್ ಬಂದಮೇಲೆ ನಡಿಗೆಯೂ ಕಡಿಮೆಯಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆಯಲ್ಲಿ ಹೊರಗೆ ಓಡಾಟ ಕಷ್ಟ. ವಾಹನ ದಟ್ಟಣೆಯ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ನಡೆಯುವುದು ಅಪಾಯ.

ಊಟದಲ್ಲಿ ಬದಲಾವಣೆ

ಕುಚ್ಚಿಗೆ ಅಕ್ಕಿಯ ಗಂಜಿ, ಬಂಗಡೆ ಅಥವಾ ತಾರ್ಲೆ ಸಾರು, ತಂಬುಳಿ, ಸೊಪ್ಪು, ತೆಂಗು ಇಲ್ಲಿನ ಹಳೆಯ ಊಟ. ಕುಚ್ಚಿಗೆ ಅಕ್ಕಿಯಲ್ಲೂ ಬೆಳ್ತಿಗೆಯಲ್ಲೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಆದರೆ ತವಡು ಉಳಿಸಿಕೊಂಡ ಅಕ್ಕಿಯಲ್ಲಿ ನಾರು ಹೆಚ್ಚು, ಗಂಜಿಯಲ್ಲಿ ನೀರು ಹೆಚ್ಚು. ಹೊಟ್ಟೆ ಬೇಗ ತುಂಬುತ್ತದೆ. ದಿನವಿಡೀ ಗದ್ದೆಯಲ್ಲಿ ಬಗ್ಗಿದವರಿಗೆ ಒಗ್ಗುತ್ತಿದ್ದ ಅನ್ನದ ರಾಶಿ ಅಂಗಡಿಯ ಗಲ್ಲೆಯಲ್ಲಿ ಕೂತವರಿಗೆ ಮಿಗತೆಯಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಶಕ್ತಿಯ ಸುಮಾರು ಶೇ. 62 ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ.

1990ರ ದಶಕದಲ್ಲಿ ಖಾದ್ಯತೈಲದ ಆಮದು ಸಡಿಲವಾದ ಮೇಲೆ ಅಗ್ಗದ ಪಾಮೋಲಿನ್ ದೇಶದೆಲ್ಲೆಡೆ ಹರಡಿತು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ. ಅಷ್ಟೇ ಪಿಷ್ಟದಲ್ಲಿ 4. ಮೀನು ಸಾರಿನ ಜಾಗದಲ್ಲಿ ಮೀನು ಫ್ರೈ, ಸಂಜೆ ಚಹಾದ ಜೊತೆ ಬೇಕರಿಯ ಪಫ್ಸ್, ಟೋಸ್ಟ್, ಬಾಟಲಿಯ ತಂಪು ಪಾನೀಯ ಇವು ಹಸಿವಿಲ್ಲದೆಯೂ ಒಳಗೆ ಹೋಗುವ ಕ್ಯಾಲೊರಿ.

ಭಟ್ಕಳದ ನವಾಯತ ಸಮುದಾಯದವರು 1970ರ ದಶಕದ ತೈಲದ ಉಬ್ಬರದೊಂದಿಗೆ ದೊಡ್ಡ ಸಂಖ್ಯೆಯಲ್ಲಿ ಗಲ್ಫ್‌ಗೆ ಹೋದರು. ಊರಿಗೆ ಬಂದ ಹಣ ಶಾಲೆ, ಮನೆ, ವ್ಯಾಪಾರ ಬೆಳೆಸಿತು. ಹಬ್ಬಕ್ಕೆ, ಮದುವೆಗೆ ಮೀಸಲಾಗಿದ್ದ ತಿನಿಸುಗಳೂ ಕೈಗೆಟುಕಿದವು. ಅತಿತೂಕ ಒಂದು ಸಮುದಾಯಕ್ಕೆ ಸೇರಿದ ಸಮಸ್ಯೆಯಲ್ಲ. ಕೊಳ್ಳುವ ಶಕ್ತಿ ಹೆಚ್ಚಿ ದೈಹಿಕ ಶ್ರಮ ಇಳಿದ ಕಡೆಯಲ್ಲೆಲ್ಲ ಅದು ಕಾಣಿಸಿಕೊಂಡಿದೆ.

ಹುಟ್ಟಿಗೂ ಮೊದಲಿನ ಕಾರಣ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ಶಿಶುಗಳನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದ್ರೋಗ ಹೆಚ್ಚು ಕಂಡಿತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ, ಭಾರತದ ಶಿಶು ಬ್ರಿಟಿಷ್ ಶಿಶುವಿಗಿಂತ ಹಗುರವಾಗಿದ್ದರೂ ಚರ್ಮದಡಿಯ ಕೊಬ್ಬನ್ನು ಅಷ್ಟಾಗಿ ಕಳೆದುಕೊಂಡಿರುವುದಿಲ್ಲ ಎಂದು ತೋರಿಸಿತು. ಅರೆಹೊಟ್ಟೆಯ ಗರ್ಭವಾಸಕ್ಕೆ ಹೊಂದಿಕೊಂಡ ದೇಹ ಮುಂದೆ ಸಮೃದ್ಧಿಯನ್ನು ಕಂಡಾಗ ಹೊಟ್ಟೆಯ ಸುತ್ತ ಕೊಬ್ಬು ಕೂಡಿಸುತ್ತದೆ. ಗರ್ಭಿಣಿಯ ಆರೈಕೆ, ಆದ್ದರಿಂದ, ಬೊಜ್ಜು ತಡೆಯುವ ಮೊದಲ ಹೆಜ್ಜೆ.

ಪರಿಣಾಮ ಮತ್ತು ತಡೆ

ಎರಡನೇ ಬಗೆಯ ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಪಿತ್ತಜನಕಾಂಗದ ಕೊಬ್ಬು, ಮಂಡಿನೋವು, ನಿದ್ದೆಯಲ್ಲಿ ಉಸಿರುಕಟ್ಟುವಿಕೆ ಅತಿತೂಕದ ಬೆನ್ನಿಗೆ ಬರುತ್ತವೆ. ರೋಗ ಬಲಿತಾಗ ಇಲ್ಲಿಯವರು ಮಣಿಪಾಲ, ಮಂಗಳೂರು ಅಥವಾ ಗೋವಾದ ಆಸ್ಪತ್ರೆಗಳಿಗೆ ದೂರ ಪ್ರಯಾಣ ಮಾಡಬೇಕಾಗುತ್ತದೆ. ಆದ್ದರಿಂದ ತಡೆಯುವುದೇ ಅಗ್ಗ. ರಕ್ತದೊತ್ತಡ, ಸಕ್ಕರೆಯ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೊರೆಯುತ್ತದೆ.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಅನ್ನ ತಗ್ಗಿಸಿ ಮೀನು, ಬೇಳೆ, ತರಕಾರಿ ಹೆಚ್ಚಿಸುವುದು, ಕರಿದದ್ದನ್ನು ಬಿಟ್ಟು ಸಾರಿಗೆ ಮರಳುವುದು ಸಾಮಾನ್ಯ ಸಲಹೆ. ಪಾದಚಾರಿ ದಾರಿ, ಆಟದ ಬಯಲು, ಹೆಂಗಸರು ಅಳುಕಿಲ್ಲದೆ ನಡೆಯುವ ಜಾಗ ಒದಗಿಸುವುದು ಪಟ್ಟಣ ಪಂಚಾಯಿತಿ, ಪುರಸಭೆಗಳ ಹೊಣೆ. ದೇಹತೂಕದ ಶೇ. 5 ಇಳಿದರೂ ರಕ್ತದೊತ್ತಡ ಮತ್ತು ಸಕ್ಕರೆಯ ಮಟ್ಟ ಸುಧಾರಿಸುತ್ತದೆ. 80 ಕಿಲೋ ತೂಕದವರಿಗೆ ಅದು 4 ಕಿಲೋ.