ದೊರೆಯ ಬಂಗಲೆಯ ನೋಟ

ಮನೆಗೂ ಒಂದು ದೃಷ್ಟಿಯುಂಟು. ಮಲೆನಾಡಿನ ತೊಟ್ಟಿಮನೆ ಒಳಮುಖವಾದುದು. ನಡುವಣ ಅಂಗಳಕ್ಕೆ ಬಿಸಿಲು ಮಳೆಗಳನ್ನು ಬರಮಾಡಿಕೊಂಡು ಅದರ ಸುತ್ತ ಸಂಸಾರ ನಡೆಸುವಂಥದು. ಹೊಂಗಡಹಳ್ಳವೇ ಮೊದಲಾದ ಊರುಗಳಿರುವ ಸಕಲೇಶಪುರದ ಸೀಮೆಯಲ್ಲಿ ಆಂಗ್ಲ ಪ್ಲಾಂಟರುಗಳು ಕಟ್ಟಿಸಿದ ಬಂಗಲೆಗಳಾದರೋ ಹೊರಮುಖವಾದವು. ದಿಬ್ಬದ ಮೇಲೆ ಮನೆ, ಮುಂದೆ ಹುಲ್ಲುಹಾಸು, ಅದರಾಚೆಗೆ ಕಾಫಿ ತೋಟ. ಈ ಹೊರನೋಟದ ಮೂಲವನ್ನು ಇಂಗ್ಲೆಂಡಿನ ಜಮೀನ್ದಾರರ ಹಳ್ಳಿಸೌಧಗಳಲ್ಲಿ ಅರಸಬೇಕು.

ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಸಿರಿವಂತರಿಗೆ ಉದ್ಯಾನಗಳನ್ನು ರಚಿಸಿಕೊಟ್ಟವರಲ್ಲಿ ಲ್ಯಾನ್ಸಲಾಟ್ ಬ್ರೌನ್ ಪ್ರಖ್ಯಾತ. ಅವನ ಉದ್ಯಾನಗಳಲ್ಲಿ ಹುಲ್ಲುಗಾವಲು ಸೌಧದ ಕಿಟಕಿಯವರೆಗೂ ಹಬ್ಬಿ ಬರುತ್ತಿತ್ತು. ಅಂಥ ಉದ್ಯಾನಗಳಲ್ಲಿ ದನಕರುಗಳನ್ನು ತಡೆಯಲು ಬೇಲಿಯ ಬದಲು, ದೂರದಿಂದ ಕಾಣದ ಕಂದಕವಿರುತ್ತಿತ್ತು. ಒಡೆಯನ ಕಣ್ಣಿಗೆ ಎಲ್ಲೆಯೇ ಕಾಣಬಾರದೆಂಬುದು ಅದರ ಮರ್ಮ. ಬ್ರೌನನೇ ಉದ್ಯಾನ ರಚಿಸಿದ ಚಾಟ್ಸ್‌ವರ್ತ್ ಸೌಧದ ಎದುರು ಎನ್ಸರ್ ಎಂಬ ಹಳ್ಳಿಯಿತ್ತು. ಡೆವನ್‌ಷೈರಿನ 6ನೆಯ ಡ್ಯೂಕ್ 1830ರ ದಶಕದ ಕೊನೆಯಲ್ಲಿ ಅದರ ಬಹುಭಾಗವನ್ನು ಕೆಡವಿಸಿ, ಸೌಧಕ್ಕೆ ಕಾಣದ ಕಡೆ ಹೊಸದಾಗಿ ಕಟ್ಟಿಸಿದನು.

ಆಗ ಮಂಜರಾಬಾದ್ ಎನಿಸಿದ್ದ ನಮ್ಮ ಸೀಮೆಯಲ್ಲಿ ಫ್ರೆಡರಿಕ್ ಗ್ರೀನ್ 1843ರಲ್ಲಿ ಕಾಫಿ ತೋಟ ತೊಡಗಿದನು. 1856ರ ಸುಮಾರಿಗೆ ರಾಬರ್ಟ್ ಎಲಿಯಟ್ ಬಂದನು. ಇವನಿಗೆ ಇತ್ತ ಇಲ್ಲಿಯ ತೋಟ, ಅತ್ತ ಸ್ಕಾಟ್ಲೆಂಡಿನಲ್ಲಿ ಕ್ಲಿಫ್ಟನ್ ಪಾರ್ಕ್ ಎಂಬ ಜಮೀನು. ಆದರೆ ಸ್ವದೇಶದ ಸೌಧವನ್ನು ಹಾಗೆಯೇ ಇಲ್ಲಿ ನಿಲ್ಲಿಸಲು ಮಲೆನಾಡಿನ ಮಳೆ ಬಿಡಬೇಕಲ್ಲ! ಸೌಧ ತಗ್ಗಿ ಬಂಗಲೆಯಾಯಿತು. ಆ ಹೆಸರೂ ಬಂಗಾಳದಿಂದ ಬಂದುದೇ. ಅಗಲವಾದ ಜಗಲಿ, ದಪ್ಪ ಗೋಡೆ, ಇಳಿಜಾರಾದ ಮಾಡು ಇವು ಮಳೆ ಕಲಿಸಿದ ಪಾಠಗಳು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚುಗಳು ಘಟ್ಟ ಹತ್ತಿದವು. ಗೋಡೆಯೊಳಗಣ ಅಗ್ಗಿಷ್ಟಿಕೆ ಮಾತ್ರ ತವರಿನ ನೆನಪಾಗಿ ಉಳಿಯಿತು.

ಹೊರನೋಟವೂ ಉಳಿಯಿತು, ಅದರೊಡನೆ ಎನ್ಸರಿನ ನೀತಿಯೂ ಉಳಿಯಿತು. ದಕ್ಷಿಣ ಕನ್ನಡದಿಂದಲೂ ಬಯಲುಸೀಮೆಯಿಂದಲೂ ಬಂದ ಕೂಲಿಕಾರರ ಲೈನುಗಳು ಸಾಮಾನ್ಯವಾಗಿ ಬಂಗಲೆಯಿಂದ ದೂರವೇ ಇರುತ್ತಿದ್ದವು. ಕಾಡು ಸವರಿ, ಗಿಡ ನೆಟ್ಟು, ಆ ಹಸಿರು ನೋಟವನ್ನು ನಿರ್ಮಿಸಿದವರಿಗೆ ನೋಟದೊಳಗೆ ಎಡೆಯಿರಲಿಲ್ಲ. ಎಲಿಯಟ್ ತನ್ನ ಅನುಭವಗಳನ್ನು 1871ರಲ್ಲಿಯೂ 1894ರಲ್ಲಿಯೂ ಪುಸ್ತಕವಾಗಿಸಿದನು. ಲೈನುಗಳಲ್ಲಿ ಬಾಳಿದವರು ಪುಸ್ತಕ ಬರೆಯಲಿಲ್ಲ.

ಇಂದು ತೋಟಗಳು ನಮ್ಮವರ ಕೈಗೆ ಬಂದಿವೆ. ಕೆಲವು ಬಂಗಲೆಗಳು ಪ್ರವಾಸಿಗರ ತಂಗುದಾಣಗಳಾಗಿವೆ. ಹಳೆಯ ಕಟ್ಟಡಗಳನ್ನು ಕಾಪಾಡಬೇಕೆಂಬ ಮಾತು ಯೋಗ್ಯವಾದುದೇ. ಆದರೆ ಬಂಗಲೆಯೊಂದನ್ನೇ ಉಳಿಸಿ ಹಳೆಯ ಲೈನನ್ನು ನೆಲಸಮ ಮಾಡಿದರೆ ಅರ್ಧ ಚರಿತ್ರೆಯನ್ನು ಮಾತ್ರ ಕಾಪಾಡಿದಂತಾದೀತು. ಜಗಲಿಯಲ್ಲಿ ಕುಳಿತು ಕಾಫಿ ಸವಿಯುವವರು ಲೈನಿನ ದಾರಿ ಯಾವುದೆಂದು ಒಮ್ಮೆ ಕೇಳಲಿ.