ಹತ್ತು ಪೌಂಡಿಗೆ ಉಳಿದ ಹುಲ್ಲಿನ ಮನೆ

ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಆಲ್ಫ್ರಿಸ್ಟನ್ ಹಳ್ಳಿಯಲ್ಲಿ, ಚರ್ಚಿನ ಮಗ್ಗುಲಲ್ಲೇ ಹುಲ್ಲು ಹೊದಿಸಿದ ಮನೆಯೊಂದಿದೆ. ಅದರ ಹೆಸರು ಕ್ಲರ್ಜಿ ಹೌಸ್, ಅಂದರೆ ಪಾದ್ರಿ ಮನೆ. 14ನೇ ಶತಮಾನದ ಈ ಮನೆಯನ್ನು ಅನುಕೂಲಸ್ಥ ರೈತನೊಬ್ಬ ಕಟ್ಟಿಸಿರಬೇಕೆಂಬುದು ತಜ್ಞರ ಊಹೆ. ಚರ್ಚಿನ ವಶಕ್ಕೆ ಬಂದದ್ದು ಆಮೇಲೆ.

ಈ ಮನೆಯ ಭಾರ ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಬಡಗಿಗಳು ಹಸಿ ಮರವನ್ನೇ ಕೊರೆದು, ಒಂದರ ತುದಿಯನ್ನು ಇನ್ನೊಂದರ ರಂಧ್ರಕ್ಕೆ ಕೂಡಿಸಿ, ಮರದ ಗೂಟ ಬಡಿಯುತ್ತಿದ್ದರು. ಮರ ಒಣಗಿದಂತೆ ಬಿಗಿ ಹೆಚ್ಚುತ್ತಿತ್ತು. ಕಂಬಗಳ ನಡುವಿನ ಜಾಗಕ್ಕೆ ತಡಿಕೆ ಕಟ್ಟಿ ಮಣ್ಣು ಮೆತ್ತಿದರೆ ಗೋಡೆ ಮುಗಿಯಿತು. ನಮ್ಮ ಹಳ್ಳಿಗಳಿಗೂ ಇದು ಹೊಸತಲ್ಲ.

ಮಧ್ಯದಲ್ಲಿ ಮಾಡಿನವರೆಗೂ ತೆರೆದ ನಡುಮನೆ. ಎರಡು ತುದಿಗಳಲ್ಲಿ ಮಾತ್ರ ಮಹಡಿ. ಸಸೆಕ್ಸ್, ಕೆಂಟ್ ಸೀಮೆಯ ಈ ಮಾದರಿಗೆ 'ವೀಲ್ಡನ್ ಮನೆ' ಎಂದೇ ಹೆಸರು. ನಡುಮನೆ ತೆರೆದಿರಲು ಕಾರಣ ಒಲೆ. ಆಗ ಹೊಗೆಗೂಡು ಇರಲಿಲ್ಲ. ನೆಲದ ಮೇಲೆ ಉರಿಸಿದ ಬೆಂಕಿಯ ಹೊಗೆ ಮೇಲೇರಿ ಮಾಡಿನ ಸಂದುಗಳಿಂದ ಹೊರಹೋಗಬೇಕಿತ್ತು. ಇಂಥ ಮನೆಗಳ ಜಂತೆಗಳಿಗೆ ಹಿಡಿದ ಮಸಿಯೇ ಇಂದು ಸಂಶೋಧಕರಿಗೆ ಸಾಕ್ಷಿ.

19ನೇ ಶತಮಾನದ ಹೊತ್ತಿಗೆ ಕೂಲಿಕಾರರ ಬಿಡಾರವಾಗಿದ್ದ ಮನೆ ಕುಸಿಯುವ ಸ್ಥಿತಿಗೆ ಬಂದಿತ್ತು. ಚರ್ಚಿನ ಅಧಿಕಾರಿಗಳು ಅದನ್ನು ಕೆಡವಲು ಅನುಮತಿಯನ್ನೂ ಕೊಟ್ಟಿದ್ದರು. ಉಳಿಸಲು ಓಡಾಡಿದವರು ಊರಿನ ಪಾದ್ರಿ ಎಫ್. ಡಬ್ಲ್ಯು. ಬೇನನ್. ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ್ದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘಕ್ಕೆ ಅವರು ಮೊರೆಯಿಟ್ಟರು. ಸಂಘ ತೋರಿಸಿದ ದಾರಿ ನ್ಯಾಷನಲ್ ಟ್ರಸ್ಟ್. 1895ರಲ್ಲಿ ಹುಟ್ಟಿದ್ದ ಆ ಟ್ರಸ್ಟಿನ ಕೈಯಲ್ಲಿ ಹಣ ಕಡಿಮೆ, ಕಟ್ಟಡ ಒಂದೂ ಇಲ್ಲ. 1896ರಲ್ಲಿ ಅದು ಈ ಮನೆಯನ್ನು ಕೊಂಡಿತು. ಬೆಲೆ ಕೇವಲ 10 ಪೌಂಡ್! ದುರಸ್ತಿಗೆ ತಗುಲಿದ್ದು ಅದರ ಹಲವು ಪಟ್ಟು.

ದುರಸ್ತಿಯ ಹೊಣೆ ಹೊತ್ತ ವಾಸ್ತುಶಿಲ್ಪಿ ಆಲ್ಫ್ರೆಡ್ ಪೊವೆಲ್. ಹಳೆಯದನ್ನು ಕಿತ್ತು ಹೊಸದಾಗಿ 'ಪುರಾತನ' ಮನೆ ಕಟ್ಟುವ ಗೀಳು ಆ ಕಾಲದಲ್ಲಿ ಜೋರಾಗಿತ್ತು. ಮಾರಿಸ್ ಬಳಗ ಅದಕ್ಕೆ ವಿರುದ್ಧ. ಇದ್ದುದನ್ನು ಗಟ್ಟಿಮಾಡಿ ಉಳಿಸಿದರೆ ಸಾಕು ಎಂಬುದು ಅವರ ನಿಲುವು. ಚೌಕಟ್ಟಿನ ಮನೆಗೆ ಈ ವಿಧಾನ ಹೇಳಿ ಮಾಡಿಸಿದ್ದು. ಕೊಳೆತ ಮರವನ್ನಷ್ಟೇ ಬದಲಿಸಿ ಉಳಿದುದನ್ನು ಹಾಗೆಯೇ ಬಿಡಬಹುದು.

ನಡುಮನೆಯ ನೆಲ ಮಾತ್ರ ಯಾರನ್ನಾದರೂ ನಿಲ್ಲಿಸುತ್ತದೆ. ಅದು ಕಲ್ಲಿನದೂ ಅಲ್ಲ, ಹಲಗೆಯದೂ ಅಲ್ಲ. ಸೀಮೆಸುಣ್ಣದ ಪುಡಿಗೆ ಹುಳಿ ಬಂದ ಹಾಲು ಬೆರೆಸಿ ದಮ್ಮಸು ಮಾಡಿದ್ದು.