ತೊಂಬತ್ತೈದು ಪೆಟ್ಟುಗಳ ಲೆಕ್ಕ: ರಗ್ಬಿ ಮೌತ್‌ಗಾರ್ಡ್ ಚರಿತ್ರೆಯ ಒಂದು ಅಂಕಿಯ ಮರುಪರಿಶೀಲನೆ

ರಗ್ಬಿ ಆಟಗಾರರ ತಲೆಯ ಪೆಟ್ಟನ್ನು ಅಳೆಯುವ ಉಪಕರಣಗಳ ಬಗ್ಗೆ ಬರೆಯುವವರು ಮತ್ತೆ ಮತ್ತೆ ಎತ್ತಿಕೊಳ್ಳುವ ಅಂಕಿಯೊಂದಿದೆ: ಒಬ್ಬ ಆಟಗಾರನಿಗೆ ಒಂದು ಪಂದ್ಯದಲ್ಲಿ 95 ಪೆಟ್ಟು. ನ್ಯೂಜಿಲೆಂಡಿನ ಡಗ್ ಕಿಂಗ್, ಪೆಟ್ರಿಯಾ ಹ್ಯೂಮ್ ಮತ್ತು ಸಂಗಡಿಗರು 2015ರಲ್ಲಿ ಅಮೆರಿಕನ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಬಂದದ್ದು ಇದು. ಇಂಗ್ಲೆಂಡಿನ ವಿಶ್ವಕಪ್ ವಿಜೇತ ಸ್ಟೀವ್ ಥಾಂಪ್ಸನ್ 2020ರ ಡಿಸೆಂಬರಿನಲ್ಲಿ ತಮಗೆ ಡಿಮೆನ್ಷಿಯಾ ಇದೆಯೆಂದು ಬಹಿರಂಗವಾಗಿ ಹೇಳಿ, ಆಟದ ಆಡಳಿತ ಮಂಡಳಿಗಳ ವಿರುದ್ಧ ಕಾನೂನಿನ ಹಾದಿ ಹಿಡಿದ ಮೇಲೆ ಇಂಥ ಅಂಕಿಗಳಿಗೆ ಹೊಸ ತೂಕ ಬಂತು. ತೂಕ ಬಂದಷ್ಟೂ ಅವುಗಳ ಜತೆಗಿದ್ದ ಷರತ್ತುಗಳು ಒಂದೊಂದಾಗಿ ಉದುರಿಹೋದವು.

95 ಎಂಬುದನ್ನು ತಲೆಗೆ ಬಿದ್ದ ಪೆಟ್ಟುಗಳ ಎಣಿಕೆಯೆಂದು ಓದುವುದು ತಪ್ಪು ಎಂಬುದು ನನ್ನ ವಾದ. ಅದನ್ನು ಸಾಧಿಸಲು ಹೊಸ ದಾಖಲೆ ಬೇಕಿಲ್ಲ. ಬೇಕಾದ ಸಾಕ್ಷ್ಯದ ಬಹುಪಾಲು ಅದೇ ಲೇಖನದ ಸಾರಾಂಶದಲ್ಲಿ, ಅದೇ ಅಂಕಿಯ ಪಕ್ಕದಲ್ಲೇ ಅಚ್ಚಾಗಿದೆ. ಉಲ್ಲೇಖಿಸಿದವರು ಅದರ ಮುಂದಿನ ಸಾಲು ಓದಲಿಲ್ಲ, ಅಷ್ಟೆ.

ಕಿಂಗ್ ತಂಡ ಹವ್ಯಾಸಿ ಸೀನಿಯರ್ ತಂಡವೊಂದರ 38 ಆಟಗಾರರಿಗೆ ಸಿಯಾಟಲ್‌ನ ಎಕ್ಸ್2 ಕಂಪನಿಯ, ಸಂವೇದಕ ಅಳವಡಿಸಿದ ಮೌತ್‌ಗಾರ್ಡ್ ತೊಡಿಸಿತ್ತು. ಒಂದು ಋತುವಿನ ಪಂದ್ಯಗಳಲ್ಲಿ 10 ಜಿ ಮೀರಿದ 20,687 ಘಟನೆಗಳು ದಾಖಲಾದವು (ಜಿ ಎಂದರೆ ಭೂಮಿಯ ಗುರುತ್ವ ವೇಗೋತ್ಕರ್ಷ). ಆಟಗಾರನೊಬ್ಬನ ಸರಾಸರಿ ಋತುವಿಗೆ 564, ಪಂದ್ಯಕ್ಕೆ 95. ಆದರೆ ಲೇಖನ ಬರೆದದ್ದು ಬರೀ 95 ಅಲ್ಲ, 95 ± 133. ಮಾನಕ ವಿಚಲನೆ ಸರಾಸರಿಗಿಂತ ದೊಡ್ಡದು.

ಸಂಖ್ಯಾಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಇಲ್ಲಿ ಪೆನ್ಸಿಲ್ ಕೆಳಗಿಡಬೇಕು. ಪೆಟ್ಟುಗಳ ಸಂಖ್ಯೆ ಸೊನ್ನೆಗಿಂತ ಕೆಳಗಿಳಿಯಲಾರದು. ಅಂಥ ಎಣಿಕೆಯಲ್ಲಿ ವಿಚಲನೆ ಸರಾಸರಿಯನ್ನು ಮೀರಿತೆಂದರೆ ಬಹಳಷ್ಟು ದಾಖಲೆಗಳು 95ಕ್ಕಿಂತ ಎಷ್ಟೋ ಕೆಳಗಿವೆ, ಕೆಲವೇ ಕೆಲವು ನೂರಾರರ ಮಟ್ಟಕ್ಕೆ ಏರಿ ಸರಾಸರಿಯನ್ನು ಎಳೆದೊಯ್ದಿವೆ ಎಂದೇ ಅರ್ಥ. ಹೀಗಿರುವಾಗ ‘ಸಾಮಾನ್ಯ ಆಟಗಾರ 95 ಪೆಟ್ಟು ತಿನ್ನುತ್ತಾನೆ’ ಎಂಬ ವಾಕ್ಯಕ್ಕೆ ಆಧಾರವೇ ಇಲ್ಲ. ಅಂಥ ಸಾಮಾನ್ಯ ಆಟಗಾರ ಆ ದತ್ತಾಂಶದೊಳಗೆ ಇರಬೇಕೆಂದಿಲ್ಲ. ನೂರಾರು ದಾಖಲಾದವರು ಯಾರು? ಸ್ಕ್ರಮ್‌ನ ಮುಂಸಾಲಿನವರೋ, ಅಥವಾ ಮೌತ್‌ಗಾರ್ಡ್ ಸಡಿಲವಾಗಿ ಕೂತಿದ್ದವರೋ? ರಗ್ಬಿ ನೋಡಿದವರಿಗೆಲ್ಲ ಗೊತ್ತು: ಆಟ ನಿಂತ ಕೂಡಲೇ ಆಟಗಾರ ಅದನ್ನು ನಾಲಗೆಯಿಂದ ತಳ್ಳಿ ಅರ್ಧ ಹೊರಗೆ ತರುತ್ತಾನೆ, ದವಡೆಯಲ್ಲಿ ಕಚ್ಚಿ ಅಗಿಯುತ್ತಾನೆ, ಮಾತಾಡಬೇಕಾದರೆ ತೆಗೆದು ಕಾಲ್ಚೀಲಕ್ಕೆ ಸಿಕ್ಕಿಸುತ್ತಾನೆ. ವೇಗೋತ್ಕರ್ಷ ಮಾಪಕಕ್ಕೆ ಇವೆಲ್ಲವೂ ಚಲನೆಯೇ.

ಕಂಪನಿಯ ತಂತ್ರಾಂಶ ಇಂಥ ಹುಸಿ ದಾಖಲೆಗಳನ್ನು ಸೋಸಿತ್ತು ಎಂದು ಲೇಖನ ಹೇಳುತ್ತದೆ, ನಿಜ. ಸೋಸುವ ಸೂತ್ರ ಮಾತ್ರ ಕಂಪನಿಯ ಸ್ವತ್ತು. ಜರಡಿಯ ಕಣ್ಣು ಎಷ್ಟು ಅಗಲವೆಂದು ಓದುಗ ಪರೀಕ್ಷಿಸುವಂತಿಲ್ಲ. 20,687 ಘಟನೆಗಳನ್ನೂ ವಿಡಿಯೋದೊಂದಿಗೆ ಒಂದೊಂದಾಗಿ ತಾಳೆ ನೋಡಿ ಉಳಿಸಿಕೊಂಡದ್ದೆಂದು ಓದಲು ಆ ಲೇಖನ ಅನುಮತಿ ಕೊಡುವುದಿಲ್ಲ.

ಬೇರೆ ದಾರಿಯಿಂದಲೂ ಪರೀಕ್ಷಿಸಬಹುದು. ಪಂದ್ಯ 80 ನಿಮಿಷದ್ದು. 95 ಪೆಟ್ಟೆಂದರೆ ಸುಮಾರು 50 ಸೆಕೆಂಡಿಗೊಂದು. ಆದರೆ ಚೆಂಡು ನಿಜವಾಗಿ ಆಟದಲ್ಲಿರುವುದು ಅದರ ಅರ್ಧದಷ್ಟು ಹೊತ್ತೂ ಅಲ್ಲ. ಹಾಗಾಗಿ ಅಂತರ 25 ಸೆಕೆಂಡಿಗಿಂತ ಕಡಿಮೆಗೆ ಇಳಿಯುತ್ತದೆ. ಅದೂ ಒಬ್ಬನಿಗಲ್ಲ, ಚೆಂಡಿನಿಂದ ದೂರ ಅಂಚಿನಲ್ಲಿ ನಿಲ್ಲುವ ವಿಂಗರ್‌ನನ್ನೂ ಸೇರಿಸಿ ಹದಿನೈದೂ ಮಂದಿಗೆ. ಇದು ನಾವು ಕಣ್ಣಾರೆ ನೋಡುವ ರಗ್ಬಿಯಲ್ಲ. ಟ್ಯಾಕಲ್‌ನಲ್ಲಿ ತಲೆಗೆ ನೇರ ತಾಗದಿದ್ದರೂ ದೇಹದ ಹೊಡೆತಕ್ಕೆ ತಲೆ ಅಲುಗುತ್ತದೆ, ಸಂವೇದಕ ಅದನ್ನೂ ಎಣಿಸುತ್ತದೆ ಎಂಬ ಸಮಾಧಾನವಿದೆ, ಸರಿಯಾದ ಸಮಾಧಾನವೇ. ಆದರೆ ಹಾಗೆ ಒಪ್ಪಿದ ಕ್ಷಣ ಅದನ್ನು ‘ತಲೆಗೆ ಬಿದ್ದ ಪೆಟ್ಟು’ ಎಂದು ಕರೆಯುವ ಹಕ್ಕು ಹೋಯಿತು.

ನಂತರದ ಅಳತೆಗಳು ಈ ಅನುಮಾನವನ್ನು ಗಟ್ಟಿಮಾಡುತ್ತವೆ. ವೃತ್ತಿಪರ ಮಟ್ಟದ ರಗ್ಬಿಯಲ್ಲಿ ಹೊಸ ತಲೆಮಾರಿನ, ಹಲ್ಲಿನ ಅಚ್ಚು ತೆಗೆದು ಮಾಡಿದ ಮೌತ್‌ಗಾರ್ಡ್ ಬಳಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪುರುಷ ಫಾರ್ವರ್ಡ್‌ಗಳ ಲೆಕ್ಕ, ಅದೇ 10 ಜಿ ಮಿತಿಗೆ, ಆಟದ ಗಂಟೆಗೆ ಇಪ್ಪತ್ತರ ಆಚೀಚೆ ನಿಲ್ಲುತ್ತದೆ. ಬ್ಯಾಕ್‌ಗಳದ್ದು ಇನ್ನೂ ಕಡಿಮೆ. ಪೂರ್ತಿ ಪಂದ್ಯಕ್ಕೆ ಹಿಗ್ಗಿಸಿದರೂ ಮೂವತ್ತರ ಸುತ್ತಮುತ್ತ. ಹೊಸ ಮೌತ್‌ಗಾರ್ಡ್‌ಗಳೂ ಕೆಲವು ಘಟನೆಗಳನ್ನು ಕೈಬಿಡುತ್ತವೆಂದು ಲೀಡ್ಸ್ ಬೆಕೆಟ್ ವಿಶ್ವವಿದ್ಯಾಲಯದ ಬೆನ್ ಜೋನ್ಸ್ ತಂಡದ 2022ರ ಪರೀಕ್ಷೆ ತೋರಿಸಿದೆ. ನಾಲ್ಕರಲ್ಲಿ ಒಂದು ತಪ್ಪಿಹೋಯಿತೆಂದೇ ಇಟ್ಟುಕೊಳ್ಳೋಣ: ಮೂವತ್ತು ನಲವತ್ತಾಗುತ್ತದೆ, ತೊಂಬತ್ತೈದಾಗುವುದಿಲ್ಲ. ಹವ್ಯಾಸಿಗಳು ವೃತ್ತಿಪರರಿಗಿಂತ ಎರಡು ಮೂರು ಪಟ್ಟು ಪೆಟ್ಟು ತಿನ್ನುತ್ತಾರೆಂದು ವಾದಿಸುವ ಧೈರ್ಯ ಯಾರಿಗಾದರೂ ಇದ್ದರೆ ಕೇಳಲು ನಾನು ಸಿದ್ಧ.

ಇನ್ನು ಯಾರೂ ಗಮನಿಸದ ಸಾಲು. ರೇಖೀಯ ವೇಗೋತ್ಕರ್ಷದ ಸರಾಸರಿ 22.2 ಜಿ ಎಂದು ಕೊಟ್ಟ ನಂತರ, ಕೋನೀಯ ವೇಗೋತ್ಕರ್ಷದ ಸರಾಸರಿಯನ್ನು ಕಿಂಗ್ ತಂಡ ಚದರ ಸೆಕೆಂಡಿಗೆ 3,902.9 ರೇಡಿಯನ್ ಎಂದು ಕೊಡುತ್ತದೆ, ವಿಚಲನೆ 3,948.8. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಅತಿ ಮುಖ್ಯ ಅಂಕಿ ಇದು. ಆಟದ ಜಾಗತಿಕ ಆಡಳಿತ ಮಂಡಳಿಯಾದ ವರ್ಲ್ಡ್ ರಗ್ಬಿ ಈಚೆಗೆ ಉನ್ನತ ಮಟ್ಟದ ಪುರುಷರ ಪಂದ್ಯಗಳಲ್ಲಿ ಆಟಗಾರನನ್ನು ತಪಾಸಣೆಗೆ ಕರೆಯಲು ಇಟ್ಟುಕೊಂಡ ಎಚ್ಚರಿಕೆಯ ಮಿತಿಯಲ್ಲಿ ಕೋನೀಯ ಭಾಗ 4,500. ಎಂದರೆ, ಒಂದು ಹವ್ಯಾಸಿ ತಂಡದ ಇಪ್ಪತ್ತು ಸಾವಿರ ಘಟನೆಗಳ ಸರಾಸರಿಯೇ ಈ ಎಚ್ಚರಿಕೆಯ ಗಂಟೆಯ ಹತ್ತಿರಕ್ಕೆ ಬಂದು ನಿಂತಿದೆ! ಅಷ್ಟು ವಿಚಲನೆಯಿರುವಾಗ ಸಾವಿರಾರು ಘಟನೆಗಳು ಅದನ್ನು ದಾಟಿರಲೇಬೇಕು. ಉಪಕರಣ ಬೇರೆ, ಸೋಸುವ ವಿಧಾನ ಬೇರೆ, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ಆಕ್ಷೇಪ ಬರುತ್ತದೆ. ಬರಲಿ. ಒಂದೇ ತಕ್ಕಡಿಯಲ್ಲಿ ತೂಗಲಾಗದ ಅಂಕಿಯನ್ನು ಇಷ್ಟು ವರ್ಷ ಎಲ್ಲದರ ಪಕ್ಕಕ್ಕಿಟ್ಟು ತೂಗಿದವರಿಗೂ ಅದನ್ನೇ ಹೇಳಬೇಕಾಗುತ್ತದೆ.

ಅಂಕಿ ಹೀಗೆ ಉಬ್ಬಿದ್ದೇಕೆ ಎಂಬುದಕ್ಕೆ ಯಂತ್ರದೊಳಗೇ ಉತ್ತರ ಹುಡುಕಬಹುದು. ಗೈರೋಸ್ಕೋಪ್ ಅಳೆಯುವುದು ತಿರುಗುವ ವೇಗವನ್ನು. ವೇಗೋತ್ಕರ್ಷ ಬೇಕಾದರೆ ಆ ವೇಗ ಕ್ಷಣಕ್ಷಣಕ್ಕೂ ಎಷ್ಟು ಬದಲಾಯಿತೆಂದು ಲೆಕ್ಕ ಹಾಕಬೇಕು. ಹಾಗೆ ಲೆಕ್ಕ ಹಾಕುವಾಗ ವೇಗದ ಗೆರೆಯಲ್ಲಿದ್ದ ಸಣ್ಣ ಕಂಪನವೂ ದೊಡ್ಡ ಶಿಖರವಾಗಿ ಎದ್ದು ನಿಲ್ಲುತ್ತದೆ. ಮೌತ್‌ಗಾರ್ಡ್ ಮೇಲ್ದವಡೆಯ ಹಲ್ಲಿಗೆ ಬಿಗಿಯಾಗಿ ಕೂತಿದ್ದರೆ ಅದು ತಲೆಬುರುಡೆಯ ಜತೆಗೇ ಚಲಿಸುತ್ತದೆ. ಕೂದಲೆಳೆಯಷ್ಟು ಸಡಿಲವಿದ್ದರೂ ಅದರದೇ ಅದುರುವಿಕೆ ಶುರುವಾಗುತ್ತದೆ. ಕೆಳದವಡೆ ಮೇಲಕ್ಕೆ ಬಂದು ಬಡಿದರೆ ಇನ್ನೊಂದು ಹೊಡೆತ. ಕೆಳದವಡೆಯ ಈ ಕಾಟವನ್ನು ಸ್ಟ್ಯಾನ್‌ಫರ್ಡ್‌ನ ಡೇವಿಡ್ ಕಮರಿಲ್ಲೊ ಪ್ರಯೋಗಾಲಯ 2016ರಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಿ ತೋರಿಸಿತು.

ಅದೇ ಪ್ರಯೋಗಾಲಯದ ಲಿಂಡಿಯಾ ವೂ ಮತ್ತು ಸಂಗಡಿಗರ 2016ರ ಇನ್ನೊಂದು ಲೇಖನವನ್ನು ರಗ್ಬಿಯವರು ಓದಿಯೇ ಇಲ್ಲವೇನೋ ಎನ್ನಿಸುತ್ತದೆ. ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ: ಈ ಕ್ಷೇತ್ರದಲ್ಲಿ ಸಾವಿರಾರು ಘಟನೆಗಳ ದೊಡ್ಡ ಅಧ್ಯಯನಗಳಿಗಿಂತ ಆ ಪುಟ್ಟ ಪ್ರಯೋಗಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಫುಟ್‌ಬಾಲ್ ಚೆಂಡನ್ನು ತಲೆಯಿಂದ ಹೊಡೆಯುವ ಒಬ್ಬ ವ್ಯಕ್ತಿ. ಅವನ ಬಾಯಲ್ಲಿ ಮೌತ್‌ಗಾರ್ಡ್, ಚರ್ಮದ ಮೇಲೆ ಅಂಟುಪಟ್ಟಿ, ತಲೆಗೆ ಬಿಗಿ ಟೋಪಿ, ಮೂರರಲ್ಲೂ ಸಂವೇದಕ. ಕಿವಿಯ ನಾಳದಲ್ಲಿಟ್ಟ ಗುರುತಿಗೆ ಹೋಲಿಸಿ ಇವು ಎಷ್ಟು ಸರಿದವೆಂದು ನೋಡಲು ಅತಿವೇಗದ ಕ್ಯಾಮೆರಾ. ಮೌತ್‌ಗಾರ್ಡ್ 1 ಮಿಲಿಮೀಟರಿಗಿಂತ ಕಡಿಮೆ ಸರಿದರೆ, ಅಂಟುಪಟ್ಟಿ 4 ಮಿಲಿಮೀಟರಿನವರೆಗೆ, ಟೋಪಿ 13ರವರೆಗೆ ಸರಿದವು. ಅಂಟುಪಟ್ಟಿ ರೇಖೀಯ ವೇಗೋತ್ಕರ್ಷವನ್ನು ಸರಾಸರಿ 15 ಜಿಯಷ್ಟು ಹೆಚ್ಚಾಗಿ ತೋರಿಸಿತು. ಲಂಡನ್ನಿನ ಸಾರಸೆನ್ಸ್ ಕ್ಲಬ್ 2015ರ ಜನವರಿಯಲ್ಲಿ ಕಿವಿಯ ಹಿಂದೆ ಅಂಟಿಸಿಕೊಂಡು ಆಡಿ ಪತ್ರಿಕೆಗಳಲ್ಲಿ ಮಿಂಚಿದ್ದು ಇಂಥ ಅಂಟುಪಟ್ಟಿಯನ್ನೇ. (ಬಿಗಿಯಾದ ಮೌತ್‌ಗಾರ್ಡ್ ಚೆನ್ನಾಗಿ ಅಳೆಯಿತು ಎಂಬುದರಿಂದ ಕಿಂಗ್ ತಂಡದ ಮೌತ್‌ಗಾರ್ಡ್‌ಗಳೂ ಚೆನ್ನಾಗಿ ಅಳೆದವು ಎಂದು ಎಳೆತರುವವರಿದ್ದಾರೆ. ಕ್ಯಾಮೆರಾ ಮುಂದೆ ಹಲ್ಲು ಕಚ್ಚಿದವನೂ ಕೆಸರಿನಲ್ಲಿ ಬಿದ್ದೆದ್ದವನೂ ಒಂದೇ ಎಂದಂತಾಯಿತು.)

10 ಜಿ ಎಂಬ ಮಿತಿಯ ಕಥೆಯೂ ರಗ್ಬಿಯದಲ್ಲ. ಅಮೆರಿಕನ್ ಫುಟ್‌ಬಾಲ್‌ನ ಹೆಲ್ಮೆಟ್‌ಗಳಲ್ಲಿ ಸಂವೇದಕ ಕೂಡಿಸಿದ ವರ್ಜೀನಿಯಾ ಟೆಕ್‌ನ ಸ್ಟೀಫನ್ ಡೂಮಾ ತಂಡ 2005ರಲ್ಲಿ 3,312 ಘಟನೆಗಳ ವರದಿ ಕೊಟ್ಟಿತು. ಓಟ, ನೆಗೆತದಂಥ ನಿತ್ಯದ ಚಲನೆ ಲೆಕ್ಕಕ್ಕೆ ಬರಬಾರದೆಂಬ ಸಮರ್ಥನೆಯೊಂದಿಗೆ 10 ಜಿ ಮಿತಿ ಆ ಪರಂಪರೆಯಿಂದ ರಗ್ಬಿಗೆ ಇಳಿದು ಬಂತು. ಗಟ್ಟಿ ಹೆಲ್ಮೆಟ್ಟಿಗೆಂದು ಬಂದ ಮಿತಿಯನ್ನು ಹಲ್ಲಿಗೆ ತೊಡಿಸುವಾಗ ಮರುಪರೀಕ್ಷೆ ಬೇಕಿತ್ತು. ಆ ಕೆಲಸ ಮಾಡಿದವರಲ್ಲಿ ಒಬ್ಬರು ಸ್ವತಃ ಡಗ್ ಕಿಂಗ್ ಎಂಬುದನ್ನು ಅವರ ಹೊಗಳುಭಟರೂ ಟೀಕಾಕಾರರೂ ಮರೆತಿದ್ದಾರೆ. ಮಿತಿಯನ್ನು ಏರಿಸಿ ಇಳಿಸಿದಂತೆ ಫಲಿತಾಂಶ ಹೇಗೆ ಬದಲಾಗುತ್ತದೆಂದು ಅವರ ತಂಡ 2016ರಲ್ಲಿ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ ತನ್ನದೇ ದತ್ತಾಂಶವನ್ನೂ ಬಳಸಿ ತೋರಿಸಿತು. 2015ರ ಲೇಖನ ಉಲ್ಲೇಖಿಸುವವರು 2016ರದ್ದನ್ನು ಜತೆಗಿಟ್ಟುಕೊಂಡಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಇಷ್ಟು ಹೇಳಿದ್ದರಿಂದ ನನ್ನನ್ನು, ಈ ಪೆಟ್ಟುಗಳು ಲೆಕ್ಕಕ್ಕಿಲ್ಲ ಎನ್ನುವ ಎದುರು ಪಾಳಯಕ್ಕೆ ಸೇರಿಸುವುದು ಬೇಡ. ಅಲ್ಲಿಯ ಅಂಕಿ ಇದಕ್ಕಿಂತ ಜಾಣತನದ್ದು. ಒಟಾಗೊ ವಿಶ್ವವಿದ್ಯಾಲಯದೊಂದಿಗೆ ನಡೆಸಿದ ಆರ್ಕಿಡ್ ಅಧ್ಯಯನದ ಫಲಿತಾಂಶವನ್ನು ವರ್ಲ್ಡ್ ರಗ್ಬಿ 2023ರಲ್ಲಿ ಸಾರಿದ ಬಗೆ ಇದು: ಸಮುದಾಯ ಮಟ್ಟದ ರಗ್ಬಿಯಲ್ಲಿ ತಲೆಯ ಮೇಲಾಗುವ ಬಲಗಳಲ್ಲಿ ಶೇಕಡಾ 86ರಷ್ಟು ಓಡುವುದು, ಜಿಗಿಯುವುದು, ಸ್ಕಿಪ್ಪಿಂಗ್ ಆಡುವುದರಷ್ಟೇ ಅಥವಾ ಅದಕ್ಕಿಂತ ಕಡಿಮೆ, ಶೇಕಡಾ 94ರಷ್ಟು ರೋಲರ್‌ಕೋಸ್ಟರ್‌ಗಿಂತ ಕಡಿಮೆ. ಮೆಲನಿ ಬಸ್ಸಿ ಮುಂತಾದವರ ಮೂಲ ಲೇಖನಗಳು ಇದಕ್ಕಿಂತ ಎಷ್ಟೋ ಎಚ್ಚರದವು. ನನ್ನ ಜಗಳ ಪತ್ರಿಕಾ ಹೇಳಿಕೆಯೊಂದಿಗೆ. ದಾಖಲೆಯ ಮಿತಿಯನ್ನು ಕೆಳಗಿಳಿಸಿದಷ್ಟೂ ಸಣ್ಣ ಘಟನೆಗಳು ಸೇರಿ ಈ ಶೇಕಡಾವಾರು ಉಬ್ಬುತ್ತದೆ. ಇಳಿಸುತ್ತಾ ಹೋದರೆ 99ಕ್ಕೂ ತಲುಪಿಸಬಹುದು, ಅಷ್ಟರಿಂದ ಯಾವ ಆಟಗಾರನೂ ಹೆಚ್ಚು ಸುರಕ್ಷಿತನಾಗುವುದಿಲ್ಲ. ಅಧ್ಯಯನದಲ್ಲಿ ದಾಖಲಾದದ್ದು 17,000 ಮೀರಿದ ಘಟನೆಗಳು. ಶೇಕಡಾ 86 ಅವುಗಳದ್ದೇ ಆದರೆ ಉಳಿದ 14 ಎಂದರೆ 2,300ಕ್ಕೂ ಹೆಚ್ಚು. ಮಿದುಳಿನ ವಿಚಾರದಲ್ಲಿ ಪ್ರಶ್ನೆಯಿರುವುದು ಆ 14ರ ಬಗ್ಗೆ. ಮೇಲಾಗಿ ನೆಗೆತದಲ್ಲಿ ಬಲ ಪಾದದಿಂದ ಬೆನ್ನುಹುರಿಯ ಹಾದಿಯಲ್ಲಿ ಏರಿ ಬರುತ್ತದೆ, ಟ್ಯಾಕಲ್‌ನಲ್ಲಿ ಪಕ್ಕದಿಂದ ಬಂದು ತಲೆಯನ್ನು ತಿರುಗಿಸುತ್ತದೆ. ಶಿಖರದ ಎತ್ತರ ಒಂದೇ ಇದ್ದ ಮಾತ್ರಕ್ಕೆ ಇವನ್ನು ಸಮ ಎನ್ನುವುದು ಅಳತೆ ಅಲ್ಲ, ಜಾಹೀರಾತು.

95ನ್ನು ಹಿಡಿದವರೂ 86ನ್ನು ಹಿಡಿದವರೂ ಮಾಡುತ್ತಿರುವುದು ಒಂದೇ ಕೆಲಸ: ಕನಿಷ್ಠ ಮಿತಿ ಎಲ್ಲಿತ್ತು ಎಂಬುದನ್ನು ಬಿಟ್ಟು ಅಂಕಿ ಮಾತ್ರ ಎತ್ತಿಕೊಳ್ಳುವುದು. 10 ಜಿಗಿಂತ ಮೇಲಿನದೆಲ್ಲ ಪೆಟ್ಟು ಎಂದು ಒಂದು ಕಡೆ, ದಾಖಲಾದದ್ದರಲ್ಲಿ ಬಹುಪಾಲು ಬರೀ ಓಟ ಎಂದು ಇನ್ನೊಂದು ಕಡೆ. ಎರಡನ್ನೂ ಒಂದೇ ಉಸಿರಿನಲ್ಲಿ ಒಪ್ಪಲಾಗದು.

ಕಿಂಗ್ ತಂಡದ ಲೇಖನವನ್ನು ಗ್ರಂಥಸೂಚಿಯಿಂದ ತೆಗೆದುಹಾಕಿ ಎನ್ನುತ್ತಿಲ್ಲ. ಹೆಲ್ಮೆಟ್ ಇಲ್ಲದ ಆಟದಲ್ಲಿ, ಒಂದಿಡೀ ಋತು, ಹವ್ಯಾಸಿ ಆಟಗಾರರ ಬಾಯಲ್ಲಿ ಸಂವೇದಕ ಉಳಿಸಿಕೊಳ್ಳಬಹುದು ಎಂದು ಅದು ತೋರಿಸಿತು. ಆ ಋಣ ದೊಡ್ಡದು. 2024ರಿಂದ ಉನ್ನತ ಮಟ್ಟದ ಪಂದ್ಯಗಳ ತಲೆಗಾಯ ತಪಾಸಣೆಯೊಳಗೆ ಮೌತ್‌ಗಾರ್ಡ್ ಸೇರಿದ್ದರ ಹಿಂದೆ ಅಂಥ ದುಡಿಮೆಯಿದೆ. ಆದರೆ ಸಾಧ್ಯತೆಯ ಪುರಾವೆಯನ್ನು ಪ್ರಮಾಣದ ಪುರಾವೆಯಾಗಿ ಓದಬಾರದು. ಮುಂದೆ ಈ ವಿಷಯ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟು: 95 ಎಂದು ಬರೆಯಲೇಬೇಕಾದರೆ ಪಕ್ಕದಲ್ಲಿ ± 133 ಎಂದೂ, 10 ಜಿ ಎಂದೂ, ಉಪಕರಣದ ಹೆಸರನ್ನೂ ಬರೆಯಿರಿ. ಅಷ್ಟಕ್ಕೆ ಜಾಗವಿಲ್ಲದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ.